ಅಡುಗೆಕಟ್ಟೆಯ ಅಂಚು ಹೇಗಿರಬೇಕು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಈಗ ಏಳುತ್ತಿರುವ ಹೊಸ ಮನೆಗಳಲ್ಲಿ ಗ್ರಾನೈಟಿನ ಅಡುಗೆಕಟ್ಟೆ ಸಾಮಾನ್ಯವಾಗಿದೆ. ಕಲ್ಲಿನ ಬಣ್ಣವನ್ನು ಆರಿಸಲು ಮನೆಮಂದಿಯೆಲ್ಲ ಅಂಗಡಿಗೆ ಹೋಗುವುದುಂಟು. ಅಂಚಿನ ಮೋಲ್ಡಿಂಗನ್ನು ಮಾತ್ರ ‘ಅಂದವಾಗಿರಲಿ’ ಎಂದಷ್ಟೇ ಹೇಳಿ ಮೇಸ್ತ್ರಿಗೆ ಬಿಟ್ಟುಬಿಡುತ್ತೇವೆ. ಅಂಚು ಅಲಂಕಾರಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರಕ್ಕೆ ಸೇರಿದ ವಿಷಯವೆಂಬುದು ನಮ್ಮ ಅಭಿಪ್ರಾಯ.

ಗ್ರಾನೈಟು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ. ಎಳೆಯುವ ಬಲವನ್ನು ತಾಳುವ ಶಕ್ತಿಯಾದರೋ ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಹಿತ್ತಾಳೆಯ ಕೊಡವೊಂದು ಚೂಪಾದ ಅಂಚಿಗೆ ತಾಗಿದರೆ ಇಡೀ ಪೆಟ್ಟು ಅತಿ ಕಿರಿದಾದ ಜಾಗದ ಮೇಲೆ ಬೀಳುತ್ತದೆ. ಅದನ್ನು ಹಂಚಿಕೊಳ್ಳಲು ಅಲ್ಲಿ ಸಾಕಷ್ಟು ಕಲ್ಲೂ ಇರುವುದಿಲ್ಲ, ಚಕ್ಕೆ ಏಳುತ್ತದೆ. ಮೇಲಂಚನ್ನು ಮೂರು ಮಿಲಿಮೀಟರಿನಷ್ಟು ಉರುಟಾಗಿಸಿದರೂ ಪೆಟ್ಟು ಹರಡಿಕೊಳ್ಳುತ್ತದೆ. ಓಡಾಡುವ ಮಕ್ಕಳ ಹಣೆಗೂ ಅಪಾಯ ತಗ್ಗುತ್ತದೆ.

ಸಿಂಕಿಗಾಗಿ ಕೊರೆಯುವ ಕಿಂಡಿಯ ಒಳಮೂಲೆಗಳನ್ನಂತೂ ಮರೆಯಲಾಗದು. ತಟ್ಟೆಯೊಂದನ್ನು ಎಳೆದಾಗ ಅದರಲ್ಲಿನ ದುಂಡು ರಂಧ್ರದ ಬದಿಯಲ್ಲಿ ಪ್ರತಿಬಲವು 3 ಪಟ್ಟಾಗುತ್ತದೆ. ಎಳೆತಕ್ಕೆ ಅಡ್ಡಲಾಗಿ ಉದ್ದವು ಅಗಲದ 5 ಪಟ್ಟಿರುವ ದೀರ್ಘವೃತ್ತದ ರಂಧ್ರವಾದರೆ, 1913ರಲ್ಲಿ ಇಂಗ್ಲಿಸ್ ತೋರಿಸಿಕೊಟ್ಟ ಲೆಕ್ಕದಂತೆ, ಅದರ ತುದಿಯಲ್ಲಿ 11 ಪಟ್ಟು! ಮೂಲೆ ಚೂಪಾದಷ್ಟೂ ಬಿರುಕಿಗೆ ದಾರಿ ಸುಲಭ.

ಹಾಗಾದರೆ ಮೇಲೂ ಕೆಳಗೂ ಉರುಟಾದ ‘ಫುಲ್ ರೌಂಡ್’ ಅಂಚೇ ಲೇಸಲ್ಲವೇ ಎಂದು ವಾಚಕರು ಕೇಳಬಹುದು. ಅಲ್ಲ. ಲೋಟದಿಂದ ನಿಧಾನವಾಗಿ ಬಗ್ಗಿಸಿದ ಹಾಲು ಲೋಟದ ಹೊರಮೈಗುಂಟ ಇಳಿಯುವುದನ್ನು ಯಾರು ಕಂಡಿಲ್ಲ? ಕಟ್ಟೆಯ ಮೇಲೆ ಚೆಲ್ಲಿದ ನೀರು ಅದೇ ರೀತಿ ಉರುಟು ಮೈಗೆ ಅಂಟಿಕೊಂಡು, ಕಲ್ಲಿನ ತಳಕ್ಕೆ ತಿರುಗಿ, ಕೆಳಗಿನ ಕಪಾಟಿನ ಮರವನ್ನು ಸೇರುತ್ತದೆ. ಕೆಳಂಚು ನೇರವಾಗಿದ್ದರೆ ಹನಿಯು ಬಹುಮಟ್ಟಿಗೆ ಅಲ್ಲಿಯೇ ಕಳಚಿ ಬೀಳುತ್ತದೆ. ಕಿಟಕಿಯ ಮೇಲಿನ ಸಜ್ಜದ ತಳದಲ್ಲಿ ಗಾಡಿ ತೆಗೆಯುವುದೂ ಇದೇ ಕಾರಣಕ್ಕೆ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯವಾದುದು. ಗ್ರಾನೈಟಿನಲ್ಲಿ ಸ್ಫಟಿಕರೂಪದ ಸಿಲಿಕ ಇದೆ. ಕಲ್ಲನ್ನು ಒಣದಾಗಿ ಉಜ್ಜಿದಾಗ ಏಳುವ ನುಣ್ಣನೆಯ ಧೂಳು ಕೆಲಸಗಾರನ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ, ವಾಸಿಯಾಗದ ರೋಗವನ್ನು ತರಬಲ್ಲದು. ಸಿಲಿಕದ ಅಂಶ ಬಹಳ ಹೆಚ್ಚಿರುವ ಕೃತಕ ಕಲ್ಲಿನ ಹಾಸುಗಳನ್ನು ಆಸ್ಟ್ರೇಲಿಯ ದೇಶವು 2024ರ ಜುಲೈ 1ರಿಂದ ನಿಷೇಧಿಸಿದ್ದು ಈ ಕಾರಣದಿಂದಲೇ. ಅಂಚಿನ ಬಳುಕು ಹೆಚ್ಚಿದಷ್ಟೂ ಉಜ್ಜುವ ಕೆಲಸ ಹೆಚ್ಚು, ಧೂಳೂ ಹೆಚ್ಚು. ನಮ್ಮ ಬೆಡಗಿಗಾಗಿ ಇನ್ನೊಬ್ಬನು ಉಸಿರು ತೆರುವುದು ನ್ಯಾಯವೇ?

ಸರಳವಾದುದು ಅಂದವಾಗಿರದೆಂಬ ಭಯ ಬೇಡ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಿಣಿಯಲ್ಲಿ ಸಾಲುಸಾಲು ಮೆಟ್ಟಿಲುಗಳ ನೇರ ಗೆರೆಗಳೇ ಕಣ್ಣನ್ನು ಸೆಳೆಯುತ್ತವೆ.

ಆದ್ದರಿಂದ ನಮ್ಮ ಸಲಹೆ ಇಷ್ಟು: ಮೇಲಂಚು ತುಸು ಉರುಟಾಗಿರಲಿ, ಕೆಳಂಚು ನೇರವಾಗಿರಲಿ, ಸಿಂಕಿನ ಮೂಲೆಗಳು ದುಂಡಾಗಿರಲಿ, ಉಜ್ಜುವಾಗ ಕಲ್ಲಿನ ಮೇಲೆ ನೀರು ಹರಿಯುತ್ತಿರಲಿ. ವಿದ್ಯಾರ್ಥಿಗಳು ಅಂಗಡಿಯಲ್ಲಿನ ಮಾದರಿ ಅಂಚುಗಳ ಮೇಲೆ ಒಂದು ಲೋಟ ನೀರು ಸುರಿದು, ಅದು ಎಲ್ಲಿ ಕಳಚುವುದೆಂದು ನೋಡಿ, ಆಮೇಲೆ ಮನೆಯ ಹಿರಿಯರಿಗೆ ತಿಳಿಸಲಿ.