ಬೀಸುಕಲ್ಲಿನ ಪದಕ್ಕೆ ವೇದಿಕೆಯ ತಿದ್ದುಪಡಿ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹೆಣ್ಣುಮಕ್ಕಳ ಹಾಡುಗಳನ್ನು ಮಹಿಳಾ ಮೇಳಗಳು ವೇದಿಕೆಗೆ ತರುವಾಗ ಅವುಗಳ ನುಡಿಯನ್ನು ತಿದ್ದಿ ‘ಶುದ್ಧ’ಗೊಳಿಸಬೇಕೆಂದು ವಾದಿಸುವ ವಿದ್ಯಾವಂತರುಂಟು. ಹಾಡಿನ ಮರ್ಮವನ್ನರಿಯದವರ ವಾದವಿದು. ಬೀಸುಕಲ್ಲಿನ ಪದವು ತ್ರಿಪದಿ. ಅಂಶಗಣಗಳ ಮೇಲೆ ನಿಂತುದು. ‘ಬಂದಾಳ’ ಎಂಬಲ್ಲಿ ‘ಬಂದಿದ್ದಾಳೆ’ ಎಂದಿಟ್ಟೊಡನೆ ಅದರ ನಡೆ ಕುಂಟುತ್ತದೆ. 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ ಹಲಸಂಗಿಯ ಗೆಳೆಯರು ಆಡುನುಡಿಗೆ ನಾಚಲಿಲ್ಲ, ಇವರಿಗೇಕೆ ನಾಚಿಕೆ?

ಕಲ್ಲಿಗೆ ಎದುರುಬದುರಾಗಿ ಕುಳಿತ ಇಬ್ಬರಲ್ಲಿ ಒಬ್ಬಳೆತ್ತಿದ ಸೊಲ್ಲನ್ನು ಇನ್ನೊಬ್ಬಳು ಹಿಡಿಯುವಳು. ಎರಡನೆಯ ಸಾಲಿನ ಭಾಗವನ್ನು ಮರಳಿ ಹಾಡಿಯೇ ಮೂರನೆಯದಕ್ಕೆ ಇಳಿಯುವರು. ಸೋಬಾನೆಯಲ್ಲಿಯೂ ಹಾಡುವವರು ಎರಡು ಪಾಲು. ಮೇಳದವರಾದರೋ ಹಾರ್ಮೋನಿಯಮ್ಮಿನ ಶ್ರುತಿಗೆ ಎಲ್ಲರನ್ನೂ ಒಂದೇ ಕೊರಳಾಗಿಸಿ, ಹೊತ್ತಿಲ್ಲವೆಂದು ಆ ಮರುನುಡಿಯನ್ನೇ ಕತ್ತರಿಸುವರು. ಸನ್ಮಾನದ ಭಾಷಣಗಳಿಗೆ ಮಾತ್ರ ಹೊತ್ತಿನ ಕೊರತೆಯಿಲ್ಲ!

ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಅದಕ್ಕೆ ಅಳಬೇಕಾಗಿಲ್ಲ, ಹೆಂಗಸರ ರಟ್ಟೆಗೆ ಬಿಡುವು ದೊರೆಯಿತು. ಆದರೆ ಪದಗಳು ಇನ್ನೂ ಉಳಿದಿರುವುದು ಮುದುಕಿಯರ ನಾಲಗೆಯ ಮೇಲೆ. ವಾಡಿ, ಶಹಾಬಾದಗಳಲ್ಲಿ ಮೇಳ ಕಟ್ಟುವವರು ಮೊದಲು ಅವರೆದುರು ಕುಳಿತು ಕಲಿಯಲಿ. ವೇದಿಕೆಯಲ್ಲಿ ಎರಡು ಪಾಲಾಗಿ ನಿಂತು, ಹಾಡಿಕೊಟ್ಟವಳ ಹೆಸರು ಹೇಳಿ, ಆಮೇಲೆ ಸೊಲ್ಲೆತ್ತಲಿ.