ಕಾಚಂಪುಳಿ ಹಾಕಿದರೆ ಹಂದಿಮಾಂಸದ ಕೊಬ್ಬು ಕರಗುತ್ತದೆಯೇ?

ಯಸಳೂರು ಕೊಡಗಿನ ಗಡಿಗೆ ಹತ್ತಿರದ ಕಾಫಿ ಸೀಮೆ. ಈ ಗಡಿಭಾಗದಲ್ಲಿ ಹಂದಿಮಾಂಸ ಬೇಯಿಸುವವರು ಕೊನೆಗೆ ಒಂದು ಚಮಚ ಕಪ್ಪು ಹುಳಿ ಹಾಕುವುದುಂಟು. ಅದೇ ಕಾಚಂಪುಳಿ. ಇದು ಮಾಂಸದ ಕೊಬ್ಬನ್ನಷ್ಟೇ ಅಲ್ಲ, ಮೈಯ ಬೊಜ್ಜನ್ನೂ ಕರಗಿಸುತ್ತದೆ ಎನ್ನುವ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಇದು ಎಷ್ಟು ನಿಜ ಎಂದು ನೋಡೋಣ.

ಕಾಚಂಪುಳಿ ಎಂದರೇನು?

ಉಪ್ಪಾಗೆ ಮರದ ಹಣ್ಣಿನ ರಸವನ್ನು ಗಟ್ಟಿಯಾಗುವವರೆಗೆ ಕುದಿಸಿದರೆ ಕಾಚಂಪುಳಿ ಸಿಗುತ್ತದೆ. ವಿಜ್ಞಾನದಲ್ಲಿ ಈ ಮರದ ಹೆಸರು ಗಾರ್ಸಿನಿಯಾ ಗಮ್ಮಿ-ಗುಟ್ಟಾ. ಇದರ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ.

ಕೊಬ್ಬು ಎಲ್ಲಿ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಹುಳಿ ನಾಲಿಗೆಯ ಮೇಲಿನ ಜಿಡ್ಡಿನ ಅನುಭವವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಪಾಶ್ಚಾತ್ಯರು ಸ್ಟೇಕ್ ಜೊತೆ ಬಳಸುವ ವೂಸ್ಟರ್ ಸಾಸ್‌ನಲ್ಲೂ ವಿನೆಗರ್ ಮತ್ತು ಹುಣಸೆ ಇರುವುದು ಇಂಥದೇ ರುಚಿಗಾಗಿ. ಹುಳಿ ಹಾಕಿದರೂ ಹಾಕದಿದ್ದರೂ 1 ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕ್ಯಾಲೊರಿ ಇದ್ದೇ ಇರುತ್ತದೆ.

ಬೊಜ್ಜಿನ ಮಾತು ಹುಟ್ಟಿದ್ದು ಹೇಗೆ?

ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿತ್ತು. ಆದರೆ ಮನುಷ್ಯರ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಬೇರೆಯೇ ಆಯಿತು. 1998ರಲ್ಲಿ ಅಮೆರಿಕದ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ತೂಕ ಹೆಚ್ಚಿದ್ದ 135 ಜನರಿದ್ದರು. ಎರಡೂ ಗುಂಪಿಗೆ ಒಂದೇ ಬಗೆಯ ಪಥ್ಯ. 12 ವಾರಗಳ ನಂತರ ಗಾರ್ಸಿನಿಯಾ ತೆಗೆದುಕೊಂಡವರು ಸರಾಸರಿ 3.2 ಕೆ.ಜಿ. ಇಳಿದಿದ್ದರು, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರು 4.1 ಕೆ.ಜಿ. ಈ ವ್ಯತ್ಯಾಸಕ್ಕೆ ಸಂಖ್ಯಾಶಾಸ್ತ್ರದ ಪ್ರಕಾರ ಅರ್ಥವಿಲ್ಲ. ಅಂದರೆ ಗಾರ್ಸಿನಿಯಾದಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

ಅಪಾಯ ಎಲ್ಲಿದೆ?

ಅಡುಗೆಗೆ ಹಾಕುವ ಒಂದು ಚಮಚದ ಬಗ್ಗೆ ಹೆದರಬೇಕಿಲ್ಲ. ಎಚ್ಚರ ಬೇಕಿರುವುದು ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಮಾರುವ ಮಾತ್ರೆಗಳ ಬಗ್ಗೆ. ಇವುಗಳಲ್ಲಿ ಇದೇ ಆಮ್ಲ ಹೆಚ್ಚು ಪ್ರಮಾಣದಲ್ಲಿರುತ್ತದೆ. ಇಂಥ ಮಾತ್ರೆ ಸೇವಿಸಿದ ಕೆಲವರಿಗೆ ಲಿವರ್‌ಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಾತ್ರೆ ತೆಗೆದುಕೊಳ್ಳುವಾಗ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ.

ನಾವು ಹೇಳುವುದಿಷ್ಟೇ: ಕಾಚಂಪುಳಿ ಒಳ್ಳೆಯ ರುಚಿ, ಆದರೆ ಬೊಜ್ಜಿಗೆ ಮದ್ದಲ್ಲ. ‘ನಮ್ಮ ಊರಿನ ಹಣ್ಣೇ ತಾನೇ’ ಎಂದು ಮಾತ್ರೆಯ ಲಿಂಕ್ ಮನೆಯ ಗ್ರೂಪಿಗೆ ಕಳಿಸುವ ಮುನ್ನ ಒಮ್ಮೆ ಯೋಚಿಸಿ. ಹಂಚುವುದಿದ್ದರೆ ಅಡುಗೆಯ ವಿಧಾನವನ್ನು ಹಂಚಿ.