ಕಾರಿನ ರಿಮ್ಮು ಕೊಳ್ಳುವ ಮುನ್ನ

ಕಳೆದ ದೀಪಾವಳಿಗೆ ನಮ್ಮ ಅಳಿಯಂದಿರು ತಮ್ಮ ಕಾರಿಗೆ ಹೊಸ ರಿಮ್ಮುಗಳನ್ನು ಹಾಕಿಸಿದರು. ಮೊದಲಿನವು 6 ಅಂಗುಲ ಅಗಲ, ಹೊಸವು 7 ಅಂಗುಲ. ವ್ಯಾಸ ಮೊದಲಿನದೇ, ಬೋಲ್ಟಿನ ರಂಧ್ರಗಳೂ ಕೂಡಿಬಂದುವು. ಒಬ್ಬರೇ ಓಡಾಡುವವರೆಗೆ ಕುಂದೇನೂ ತೋರಲಿಲ್ಲ. ಮನೆಮಂದಿಯೆಲ್ಲ ಕುಳಿತು ಹೊರಟ ದಿನ, ಉಬ್ಬು ಬಂದಾಗಲೆಲ್ಲ ಹಿಂದಿನ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜತೊಡಗಿತು. ಇಳಿದು ನೋಡಲಾಗಿ ಟೈರಿನ ಪಾರ್ಶ್ವದಲ್ಲಿ ಬೆರಳುದ್ದದ ಸೀಳು! ಮೊಮ್ಮಗು ಕುಳಿತಿದ್ದುದು ಆ ಬದಿಯಲ್ಲಿಯೇ.

ಅಂಗಡಿಯವನು ಅಗಲವನ್ನು ಹೇಳಿದ್ದನು, ಆಫ್‌ಸೆಟ್ಟನ್ನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ರಿಮ್ಮಿನ ಅಗಲದ ನಟ್ಟನಡುವೆ ಒಂದು ರೇಖೆಯನ್ನು ಭಾವಿಸಿಕೊಳ್ಳಿರಿ. ರಿಮ್ಮು ಹಬ್ಬಿಗೆ ತಾಗಿ ಕೂರುವ ಮುಖವು ಆ ರೇಖೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆಯೋ ಅದೇ ಆಫ್‌ಸೆಟ್ಟು. ಮುಖವು ರೇಖೆಯಿಂದ ಹೊರಬದಿಗಿದ್ದರೆ ಧನ, ಒಳಬದಿಗಿದ್ದರೆ ಋಣ. ಧನವು ಹೆಚ್ಚಿದಷ್ಟೂ ಗಾಲಿಯು ಕಾರಿನ ಒಳಕ್ಕೆ ಸರಿಯುವುದು. ತಗ್ಗಿದಷ್ಟೂ ಹೊರಕ್ಕೆ ಚಾಚುವುದು. ಇದು ತಲೆಕೆಳಗಾದ ಲೆಕ್ಕದಂತೆ ತೋರಿ, ನನಗೂ ಮನದಟ್ಟಾಗಲು ಎರಡು ದಿನ ಹಿಡಿಯಿತು. ನಾಭಿ, ಅರ, ನೇಮಿ ಎಂದು ಚಕ್ರಾಂಗಗಳಿಗೆಲ್ಲ ಹೆಸರಿಟ್ಟ ನಮ್ಮ ಪೂರ್ವಿಕರು ಈ ಅಂತರಕ್ಕೊಂದು ಹೆಸರಿಟ್ಟುದು ನನ್ನ ಓದಿನಲ್ಲಿ ಸಿಕ್ಕಲಿಲ್ಲ.

ರಿಮ್ಮಿನ ಮೇಲೆ 'ಇಟಿ 45' ಎಂಬಂತೆ ಅಚ್ಚೊತ್ತಿರುವುದು ಈ ಸಂಖ್ಯೆಯೇ. ಆ ಅಕ್ಷರಗಳು ಜರ್ಮನ್ ಶಬ್ದವೊಂದರ ಸಂಕ್ಷೇಪ. ನಮ್ಮವರ ಹಳೆಯ ರಿಮ್ಮಿನ ಮೇಲೆ 45, ಹೊಸತರ ಮೇಲೆ 35 ಇದ್ದಿತು. ಅಗಲ ಒಂದು ಅಂಗುಲ ಹೆಚ್ಚಿದುದರಿಂದ ಪ್ರತಿ ಬದಿಗೂ 12.7 ಮಿಲಿಮೀಟರ್, ಆಫ್‌ಸೆಟ್ಟು ಇಳಿದುದರಿಂದ ಹೊರಕ್ಕೆ ಮತ್ತೆ 10. ಅಂತೂ ಹೊರಗಿನ ಅಂಚು 22.7 ಮಿಲಿಮೀಟರ್ ಚಾಚಿತು, ಒಳಗಿನದು 2.7 ಮಾತ್ರ ಸರಿಯಿತು. ಹಾಗೆಂದು ಆಫ್‌ಸೆಟ್ಟನ್ನು ಮನಬಂದಂತೆ ಏರಿಸಿದರೆ ಒಳಗಡೆ ಸ್ಪ್ರಿಂಗಿಗೋ ಬ್ರೇಕಿನ ಭಾಗಕ್ಕೋ ತಾಗೀತು.

ಒಳಗಿನ ಈ ಜಾಗವನ್ನು ತಿಳಿಸತಕ್ಕದ್ದೇ ಬ್ಯಾಕ್‌ಸ್ಪೇಸಿಂಗು. ರಿಮ್ಮನ್ನು ಒಳಬದಿ ಮೇಲಾಗಿ ಮಲಗಿಸಿ, ಅಂಚಿನಿಂದಂಚಿಗೆ ನೆಟ್ಟನೆಯ ಪಟ್ಟಿಯನ್ನಿಟ್ಟು, ಅಲ್ಲಿಂದ ಹಬ್ಬು ತಾಗುವ ಮುಖದವರೆಗೆ ಅಳೆಯಿರಿ. ಲೆಕ್ಕದಿಂದ ತೆಗೆಯುವವರು ಒಂದನ್ನು ಗಮನಿಸಬೇಕು: 6 ಅಂಗುಲವೆಂಬುದು ಟೈರು ಕೂರುವ ಎಡೆಗಳ ನಡುವಣ ಅಳತೆ, ಎರಡು ಅಂಚುಗಳೂ ಸೇರಿ ಒಟ್ಟು ಸುಮಾರು 7 ಅಂಗುಲ. ಅದರ ಅರ್ಧ 89 ಮಿಲಿಮೀಟರಿಗೆ 45 ಕೂಡಿದರೆ 134, ಎಂದರೆ ಐದೂಕಾಲು ಅಂಗುಲ.

ಪುಣ್ಯಕ್ಕೆ ಹಳೆಯ ರಿಮ್ಮುಗಳನ್ನು ಮಾರಿರಲಿಲ್ಲ. ಅವನ್ನೇ ಮರಳಿ ಹಾಕಿಸಿದ್ದಾಯಿತು; ಹೊಸವು ನಮ್ಮ ಅಟ್ಟದ ಮೇಲಿವೆ.